ಚಂದಮ್ಮ ಮಾರದ ಜೇನು

ಮೀರಾಬಾಯಿಯ ಮನೆಯಲ್ಲಿ ಕೂಸು ಹುಟ್ಟಿದರೆ ಜೇನು ಬೇಕೇ ಬೇಕು. ತೊಟ್ಟಿಲಿಗೆ ಹಾಕುವ ದಿನ ಕೂಸಿನ ನಾಲಿಗೆಗೆ ಜೇನು ಸವರುವುದು ಅವರಲ್ಲಿ ಹಿಂದಿನಿಂದ ಬಂದ ಪದ್ಧತಿ. ಈಗ ಮಗಳು ದೀಪಾಲಿ ತವರೂರು ಮುಡಬಿಗೆ ಬಂದು ಹೆಣ್ಣುಕೂಸು ಹೆತ್ತಿದ್ದಳು. ಅಂಗಡಿಯ ಬಾಟಲಿ ಮೇಲೆ ಮೀರಾಬಾಯಿಗೆ ನಂಬಿಕೆ ಇಲ್ಲ. ಅದಕ್ಕೇ ಬಟ್ಟಲು ಹಿಡಿದು ಚಂದಮ್ಮನ ಮನೆಗೆ ಹೋದಳು.

ಚಂದಮ್ಮ ತೊಗರಿ ಹೊಲದ ಬದುವಿನಲ್ಲಿ ಜೇನುಪೆಟ್ಟಿಗೆ ಇಟ್ಟವಳು. ಜೇನನ್ನು ಬಾಟಲಿಗೆ ತುಂಬಿ ಬಸವಕಲ್ಯಾಣ, ಹುಮನಾಬಾದಿನ ಅಂಗಡಿಗಳಿಗೆ ಕೊಡುತ್ತಾಳೆ. ಮನೆ ನಡೆಯುವುದು ಅದರಿಂದಲೇ. ಜೇನು ಸೋಸುತ್ತಿದ್ದವಳು, ಯಾರಿಗೆ ಎಂದು ಕೇಳಿದಳು. ಮೊಮ್ಮಗಳಿಗೆ ಎಂದ ಕೂಡಲೇ ಸೌಟು ಕೆಳಗಿಟ್ಟಳು.

“ಕೂಸಿಗಾದ್ರ ಕೊಡಂಗಿಲ್ರಿ ಅಕ್ಕಾ. ವರ್ಷ ತುಂಬೂತನಕ ಜೇನು ನೆಕ್ಕಿಸಬಾರ್ದು.”

ಮಾರುವವಳೇ ಬೇಡ ಎಂದರೆ ಏನರ್ಥ? ಮೀರಾಬಾಯಿಗೆ ಅವಮಾನವಾಯಿತು. ಆ ಜೇನಿನಲ್ಲಿ ಏನೋ ಕಲಬೆರಕೆ ಇದೆ ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತ ಹೋದಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಹಾಗಾಯಿತು ಚಂದಮ್ಮನ ಗತಿ. ಮಾತು ಆಟೋ ಹತ್ತಿ ಹುಮನಾಬಾದಿಗೂ ಹೋಯಿತು. ಅಲ್ಲಿನ ಅಂಗಡಿಯ ಗುರುಶಾಂತ ಫೋನ್ ಮಾಡಿ, ಸದ್ಯಕ್ಕೆ ಬಾಟಲಿ ಕಳಿಸಬೇಡ ಎಂದ.

ಚಂದಮ್ಮನ ಗಂಡ ಪಂಡರಿಗೆ ಚಿಂತೆ ಹತ್ತಿತು. ಒಂದು ಚಮಚ ಕೊಟ್ಟುಬಿಟ್ಟರೆ ಊರ ಬಾಯಿ ಮುಚ್ಚುತ್ತದೆ ಎಂದ. ಅದು ಚಂದಮ್ಮನಿಗೂ ಗೊತ್ತಿತ್ತು. ವ್ಯಾಪಾರ ನಿಂತರೆ ಹೇಗೆ ಎಂಬ ಹೆದರಿಕೆಯೂ ಇತ್ತು.

“ಗಿರಾಕಿ ಹೋದ್ರ ಹೋಗ್ಲಿ. ಕೂಸಿಗೆ ಏನರ ಆದ್ರ ನಾ ಏನಂತ ಜವಾಬ್ ಕೊಡ್ಲಿ?” ಎಂದಳು.

ಮರುದಿನ ಮೀರಾಬಾಯಿ ಆಶಾ ಕಾರ್ಯಕರ್ತೆ ಹಜಿರಾ ಬೀಯನ್ನು ಕರೆದುಕೊಂಡೇ ಬಂದಳು, ಚಂದಮ್ಮನ ಬಣ್ಣ ಬಯಲು ಮಾಡಲು. ಹಜಿರಾ ಬೀ ಜೇನು ನೆಕ್ಕಿ ನೋಡಿ, ಚೆನ್ನಾಗಿದೆ ಎಂದಳು. ಆದರೆ ಕೂಸಿಗೆ ಯಾವ ಜೇನೂ ಬೇಡ ಎಂದಳು. ಎಷ್ಟೇ ಶುದ್ಧ ಜೇನಾದರೂ ಅದರಲ್ಲಿ ಕಣ್ಣಿಗೆ ಕಾಣದ ಒಂದು ರೋಗಾಣು ಇರಬಹುದು, ಮನೆಯಲ್ಲಿ ಕಾಯಿಸಿದರೂ ಸಾಯುವುದಿಲ್ಲ. ದೊಡ್ಡವರ ಹೊಟ್ಟೆ ತಡೆದುಕೊಳ್ಳುತ್ತದೆ. ವರ್ಷ ತುಂಬದ ಕೂಸಿನ ಕರುಳಿನಲ್ಲಿ ಅದು ಬೆಳೆದು ವಿಷ ಬಿಡಬಹುದು. ಆಗ ಮಲ ಕಟ್ಟುತ್ತದೆ, ಅಳು ಕ್ಷೀಣವಾಗುತ್ತದೆ, ಹಾಲು ಕುಡಿಯಲು ಶಕ್ತಿ ಇರುವುದಿಲ್ಲ, ಉಸಿರಾಟಕ್ಕೂ ಕಷ್ಟವಾಗಬಹುದು. ಹೀಗಾಗುವುದು ಅಪರೂಪ, ಆದರೆ ಯಾವ ಕೂಸಿಗೆ ಆಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ.

“ನಾ ನೆಕ್ಕೀನಿ, ದೀಪಾಲಿ ನೆಕ್ಕ್ಯಾಳ. ನಮಗೇನಾಗ್ಯದ?” ಎಂದಳು ಮೀರಾಬಾಯಿ.

“ಕಟ್ಟಿ ಇಲ್ಲದ ಬಾವಿ ಹತ್ರ ಆಡಿದ ಹುಡುಗ್ರೆಲ್ಲಾ ಬೀಳಂಗಿಲ್ರಿ. ಹಂಗಂತ ಮೊಮ್ಮಗಳಿಗೆ ಅಲ್ಲೇ ಆಡಾಕ ಬಿಡ್ತೀರೇನು?” ಎಂದಳು ಹಜಿರಾ ಬೀ.

ಒಳಗೆ ಚಂದಮ್ಮನ ಸೊಸೆ ತನ್ನ ಎಂಟು ತಿಂಗಳ ಮಗನಿಗೆ ಅನ್ನ ಬೇಳೆ ಕಿವುಚಿ ತಿನ್ನಿಸುತ್ತಿದ್ದಳು. ಅವನಿಗೂ ಜೇನು ಕೊಟ್ಟಿಲ್ಲವೇ ಎಂದು ಮೀರಾಬಾಯಿ ಕೇಳಿದಳು.

“ಮನಿ ತುಂಬಾ ಜೇನದ ಅಕ್ಕಾ. ಇವಂಗ ಇನ್ನಾ ಅದರ ರುಚಿ ಗೊತ್ತಿಲ್ಲ” ಎಂದಳು ಚಂದಮ್ಮ.

ಮೀರಾಬಾಯಿ ಒಳಗೆ ಹೋಗಿ ಆ ಕೂಸಿನ ತಲೆ ಸವರಿದಳು. ಆಮೇಲೆ ಬಾಣಂತಿಗೆ ಕೊಡಬಹುದೇ ಎಂದು ಕೇಳಿದಳು. ತಾಯಿ ತಿಂದರೆ ತೊಂದರೆ ಇಲ್ಲ ಎಂದಳು ಹಜಿರಾ ಬೀ.

ತೊಟ್ಟಿಲಿಗೆ ಹಾಕುವ ದಿನ, ನೆರೆದ ಹೆಂಗಸರ ಎದುರಿಗೆ ಮೀರಾಬಾಯಿ ಜೇನು ಸವರಿದ್ದು ಮಗಳು ದೀಪಾಲಿಯ ನಾಲಿಗೆಗೆ. ಯಾಕೆ ಎಂದವರಿಗೆಲ್ಲ ತಾನೇ ಬಿಡಿಸಿ ಹೇಳಿದಳು. ತಾನು ಆಡಿದ ಮಾತು ಸುಳ್ಳು ಎಂದೂ ಹೇಳಿದಳು. ಗುರುಶಾಂತನ ಅಂಗಡಿಗೆ ಈಗ ಬಾಟಲಿಗಳು ಮತ್ತೆ ಹೋಗುತ್ತಿವೆ.

ಅಕ್ಕ ತಂಗಿಯರೇ, ಮೊದಲ ಆರು ತಿಂಗಳು ಕೂಸಿಗೆ ತಾಯಿಯ ಹಾಲು ಸಾಕು. ವರ್ಷ ತುಂಬುವವರೆಗೆ ಒಂದು ಹನಿ ಜೇನೂ ಬೇಡ. ಈಗಾಗಲೇ ಕೊಟ್ಟಿದ್ದು, ಕೂಸು ಸೋತಂತೆ ಕಂಡರೆ ತಡಮಾಡದೆ ದವಾಖಾನೆಗೆ ಹೋಗಿ, ಜೇನು ಕೊಟ್ಟದ್ದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಇನ್ನು ಜೇನು ಮಾರುವವರೇ, ಬಾಟಲಿ ಕೈಗೆ ಕೊಡುವ ಮೊದಲು, ಯಾರಿಗೆ ಎಂದು ಒಮ್ಮೆ ಕೇಳಿ.