ಭತ್ತದ ಕಡೆಯ ಎಲೆ

ಸೊಸೆ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ದಿಗ್ಗೇವಾಡಿಯ ತಾರವ್ವನ ಮನೆಯಲ್ಲಿ ಕೂಸಿಗೆ ಎಮ್ಮೆಯ ಹಾಲೇ ಗತಿಯಾಗಿತ್ತು. ಎಮ್ಮೆಗೆ ಹಸಿರು ಮೇವು ಬೇಕು. ಗಣಪತಿಯ ಚೌತಿ ಕಳೆದದ್ದೇ ತಾರವ್ವ, ಅತ್ತೆ ಕಲಿಸಿದ ಹಾಗೆ, ಮಣ್ಣಿಗೆ ಕೈಮುಗಿದು ಕುಡಗೋಲಿನಿಂದ ಭತ್ತದ ಎಲೆ ಸವರತೊಡಗಿದಳು. ಹೊಳೆದಂಡೆಯ ಆ ತುಂಡು ಗದ್ದೆಯೇ ಮನೆಯ ವರ್ಷದ ಅನ್ನ.

ಅರ್ಧ ಸವರಿ ಮುಗಿಯುವಷ್ಟರಲ್ಲಿ ನೆರೆಯ ಶಿವಗಂಗವ್ವ ಬದುವಿನ ಮೇಲೆ ಬಂದಳು. ರಾಯಬಾಗದಲ್ಲಿ ರೈತ ಮಹಿಳೆಯರ ತರಬೇತಿಗೆ ಹೋಗಿಬಂದವಳು ಆಕೆ.

"ತಾರಕ್ಕ, ಏನ್ ಮಾಡಾಕತ್ತಿ? ಮೊದಲ ಕೈ ತಗಿ."

"ನಮ್ಮತ್ತಿ ವರ್ಷಾ ಸವರತಿದ್ಲು, ಎಂದೂ ಕಾಳ ಕಡಿಮಿ ಆಗಿಲ್ಲ. ನೀ ರಾಯಬಾಗದಾಗ ಚಹಾ ಕುಡದ ಬಂದು ಭಾಳ ಶಾಣ್ಯಾಕಿ ಆಗೀದಿ ಬಿಡು."

"ಚಹಾನೂ ಕುಡದೇನಿ, ನೋಡೂದೂ ಕಲತೇನಿ. ಬಾ ಇಲ್ಲಿ."

ಶಿವಗಂಗವ್ವ ತನ್ನ ಗದ್ದೆಯ ಹಳೆಯ ತಳಿಯದೊಂದು ಎಲೆ ಕಿತ್ತು ತಂದಳು. ತಾರವ್ವನ ಗದ್ದೆಗೆ ಈ ವರ್ಷವೇ ಮೊದಲು ಹಚ್ಚಿದ್ದ ಗಿಡ್ಡ ತಳಿಯ ಎಲೆಯ ಪಕ್ಕಕ್ಕೆ ಅದನ್ನು ಹಿಡಿದಳು.

"ಹಳೇದು ನೋಡು, ಉದ್ದ, ತೆಳು. ಜೋತ ಬಿದ್ದು ಒಂದಕ್ಕೊಂದು ನೆರಳ ಮಾಡತಾವ. ಚೌತಿಗೆ ಇದಕ್ಕಿನ್ನೂ ತೆನಿ ಕಟ್ಟಿರೂದಿಲ್ಲ, ಸವರಿದ್ರೂ ಮತ್ತ ಚಿಗೀತೈತಿ. ನಿಂದು ದಪ್ಪ, ಕಡು ಹಸರ, ನೆಟ್ಟಗ ನಿಂತೈತಿ. ಬುಡದ ಎಲಿಗೂ ಬಿಸಲ ಬಿಡತೈತಿ. ಎಲಿ ಅಂದ್ರ ಕಾಳಿನ ಅಡಗಿಮನಿ ಅಕ್ಕ, ಬಿಸಲ ಅದರ ಬೆಂಕಿ. ಈ ತಳಿ ಲಗೂ ಬರತೈತಿ. ಹೊಟ್ಟ್ಯಾಗ ಆಗಲೇ ತೆನಿ ಐತಿ."

ಸವರಿದ ಒಂದು ಬುಡವನ್ನು ಆಕೆ ಉಗುರಿನಿಂದ ಸೀಳಿದಳು. ಒಳಗೆ ಎಳೆಯ ತೆನೆ ಬೆಳ್ಳಗೆ ಮಲಗಿತ್ತು. ಅದಕ್ಕೆ ಉಣಿಸಬೇಕಾದ, ಕಡೆಯದಾಗಿ ಮೂಡಿದ ಮೇಲಿನ ಎಲೆ ತಾರವ್ವನ ಹೆಡಿಗೆಯಲ್ಲಿತ್ತು. ತಾರವ್ವನಿಗೆ ಸೊಸೆ ಕಣ್ಣ ಮುಂದೆ ಬಂದಳು. ಕುಡಗೋಲು ಕೆಳಗಿಟ್ಟಳು.

"ಎಮ್ಮಿಗೆ ಏನ್ ಹಾಕಲೇ? ಕೂಸು ಹಾಲಿಗೆ ಅಳತೈತಿ."

"ನಮ್ಮ ಬದುವಿನ ಹುಲ್ಲ ಕೊಯ್ಕೊಂಡ ಹೋಗು. ಕೇಳಾಕ ನಾಚಿಕಿ ಬ್ಯಾರೆ ನಿನಗ."

ಸುಗ್ಗಿಯಲ್ಲಿ ಮಗ ಭೀಮಸಿ ಎರಡು ಪಾಲನ್ನೂ ಬೇರೆ ಬೇರೆ ತೂರಿದ. ಎಲೆ ಉಳಿದ ಪಾಲು ಕಾಳಾಗಿ ಕಾಲ ಬಳಿ ಬಿತ್ತು. ಸವರಿದ್ದರಲ್ಲಿ ಬಹಳಷ್ಟು ಜೊಳ್ಳಾಗಿ ಗಾಳಿಯ ಪಾಲಾಯಿತು.

"ಯವ್ವಾ, ಈ ಅಕ್ಕಿ ಬ್ಯಾಸಗಿ ಮುಟ್ಟೂದಿಲ್ಲ," ಎಂದ ಭೀಮಸಿ.

"ಗೊತ್ತೈತಿ. ಬದುವಿಗೆ ನಾವೂ ಮೇವಿನ ಹುಲ್ಲ ಹಚ್ಚೂನು. ಇನ್ನ ಎಲಿಗೆ ಕುಡಗೋಲ ಬ್ಯಾಡ."

ಹೊಸ ಅಕ್ಕಿಯ ಮೊದಲ ಹಿಡಿಯನ್ನು ತಾರವ್ವ ದೇವರ ಮುಂದಿಟ್ಟಳು. ಉಳಿದದ್ದನ್ನು ಕೂಸಿನ ಗಂಜಿಗೆಂದು ಎತ್ತಿಟ್ಟು, ತಮಗೆ ರೊಟ್ಟಿ ತಟ್ಟಲು ಕೂತಳು.

ಅಕ್ಕಂದಿರೆ, ತಳಿ ಬದಲಾದರೆ ಎಲೆಯ ಗುಣವೂ ಬದಲಾಗುತ್ತದೆ. ಕುಡಗೋಲು ಹಿಡಿಯುವ ಮೊದಲು ಒಂದು ಬುಡ ಸೀಳಿ ನೋಡಿರಿ. ಒಳಗೆ ತೆನೆಯಿದ್ದರೆ ಮೇಲಿನ ಎಲೆಯನ್ನು ಮುಟ್ಟಬೇಡಿರಿ. ಕಾಳು ಅದರ ಕೈತುತ್ತಿಗಾಗಿ ಕಾದಿರುತ್ತದೆ.