ಉಮರಬ್ಬನ ಮೊಣಕಾಲು

ಬಂದರಿನ ಒಣಮೀನು ವ್ಯಾಪಾರಿ ಉಮರಬ್ಬನಿಗೆ ಅಳಿಯ ಹಾಶಿಂ ಸೈಕಲ್ ತುಳಿಯುವುದನ್ನು ಕಂಡರೆ ಮೈಯುರಿಯುತ್ತಿತ್ತು. ಗಂಡಸಾದವನು ಪೆಡಲನ್ನು ಮೆಟ್ಟಬೇಕು, ಮೆಟ್ಟಿದ ರಭಸಕ್ಕೆ ಚೈನು ಕಿರುಗುಟ್ಟಬೇಕು. ಈ ಹಾಶಿಮನ ಕಾಲುಗಳೋ ಒಂದೇ ಹದದಲ್ಲಿ ಸುಮ್ಮನೆ ತಿರುಗುತ್ತಿದ್ದವು. ಬೆವರಿಲ್ಲ, ಏದುಸಿರಿಲ್ಲ. ಇಂಥ ಜೊಳ್ಳಿಗೆ ಮಗಳು ಲೈಲಾಳನ್ನು ಕೊಟ್ಟೆನಲ್ಲ ಎಂದು ಹೆಂಡತಿ ಹವ್ವಮ್ಮನ ಮುಂದೆ ಹಲುಬುತ್ತಿದ್ದ.

ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳನ್ನು ನಂಬುವಂತಿರಲಿಲ್ಲ. ಪಾಣೆಮಂಗಳೂರಿನ ಗಿರಾಕಿಗಳನ್ನು ನೋಡಲು ಮಾವ ಅಳಿಯ ಇಬ್ಬರೂ ಸೈಕಲಿನಲ್ಲೇ ಹೊರಟರು. ಉಮರಬ್ಬ ಒಂದಷ್ಟು ದೂರ ಎದ್ದು ನಿಂತು ಮೆಟ್ಟುವುದು, ದಣಿದು ಕಾಲು ಬಿಡುವುದು, ಮತ್ತೆ ಮೆಟ್ಟುವುದು ಹೀಗೆ ಸಾಗಿದ. ಪಡೀಲಿನ ಏರು ಹತ್ತಿ ತಿರುಗಿ ನೋಡಿದರೆ ಅಳಿಯ ಎಲ್ಲೋ ಹಿಂದೆ. ಉಮರಬ್ಬ ರಸ್ತೆಗೆ ಉಗುಳಿ ಮುಂದೆ ಹೋದ.

ಫರಂಗಿಪೇಟೆಯಲ್ಲಿ ಅವನ ಮೊಣಕಾಲು ಹಿಡಿದುಕೊಂಡಿತು. ಮಡಚಲೂ ಆಗದು, ನೀಡಲೂ ಆಗದು. ಹಾಶಿಂ ಬಂದು ಪಕ್ಕದಲ್ಲಿ ಇಳಿದ.

"ಮೆಟ್ಟುವುದು ಬೇಡ ಮಾಮ. ಕಾಲು ತಿರುಗ್ತಾ ಇರ್ಲಿ, ಹಗುರಕ್ಕೆ. ನಿಲ್ಲಿಸ್ಬೇಡಿ, ಅವಸರವೂ ಬೇಡ. ಆಗ ಎಷ್ಟು ದೂರ ಬೇಕಾದ್ರೂ ಹೋಗ್ಬಹುದು."

"ನೀನು ಹೋಗಿ ಅರೆಯುವ ಕಲ್ಲಿನ ಮುಂದೆ ಕೂತ್ಕೊ. ನಿನಗೆ ಅದೇ ಸರಿ," ಎಂದ ಉಮರಬ್ಬ.

ಹಾಶಿಂ ಒಬ್ಬನೇ ಹೋಗಿ ಗಿರಾಕಿಗಳ ಕೆಲಸ ಮುಗಿಸಿ ಬಂದ. ಉಮರಬ್ಬ ತೆಂಗಿನಕಾಯಿ ಹೇರಿದ ಎತ್ತಿನಗಾಡಿಯ ಮೇಲೆ ಸೈಕಲಿನ ಸಮೇತ ಮನೆ ಸೇರಿದ.

ಮುಂದಿನ ವಾರ ಅಳಿಯನಿಗೆ ಬರಬೇಡವೆಂದು ಹೇಳಿ ಉಮರಬ್ಬನೊಬ್ಬನೇ ಹೊರಟ. ಪಡೀಲು ದಾಟಿ, ಗುರುತಿನವರು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ, ಕಾಲನ್ನು ಹಗುರಕ್ಕೆ ತಿರುಗಿಸಿ ನೋಡಿದ. ಮೊದಮೊದಲು ನಾಚಿಕೆಯಾಯಿತು. ಆಮೇಲೆ ಉಸಿರು ಕಾಲಿಗೆ ಹೊಂದಿಕೊಂಡಿತು. ಪಾಣೆಮಂಗಳೂರಿನ ಹೊಳೆ ದಾಟುವ ಸಂಕ ಕಂಡಾಗಲೂ ಮೊಣಕಾಲು ಇರುವುದೇ ನೆನಪಿರಲಿಲ್ಲ. ಅಳಿಯ ಹೇಳಿದ್ದು ನಿಜವಾಯಿತಲ್ಲ ಎಂದು ಅವನ ಮೇಲಿನ ತಾತ್ಸಾರ ಇನ್ನಷ್ಟು ಬಲಿಯಿತು.

ಸಂಜೆ ಲೈಲಾ ಅಪ್ಪನ ಮೊಣಕಾಲಿಗೆಂದು ಎಣ್ಣೆ ಬಿಸಿ ಮಾಡಿ ತಂದಳು. ಉಮರಬ್ಬ ಬೇಡವೆಂದ. ಇಂದು ಗಾಳಿ ಹಿಂದಿನಿಂದ ಬೀಸುತ್ತಿತ್ತು ಎಂದ. ಹಾಶಿಂ ತಲೆ ತಗ್ಗಿಸಿ ಚಹಾ ಕುಡಿಯುತ್ತಿದ್ದ. ಸುಳ್ಳೆಂದು ಗೊತ್ತಿದ್ದೂ ಬಾಯಿಬಿಡಲು ಧೈರ್ಯವಿಲ್ಲದವನು ಎಂಥ ಗಂಡಸು ಎಂದುಕೊಂಡ ಉಮರಬ್ಬ.

ಮತ್ತೆ ಇಬ್ಬರೂ ಜೊತೆಯಲ್ಲೇ ಹೊರಟಾಗ, ಕಂಕನಾಡಿಯ ಅಂಗಡಿಗಳು ಮುಗಿಯುವವರೆಗೆ ಉಮರಬ್ಬ ಎದ್ದು ನಿಂತೇ ಮೆಟ್ಟಿದ. ಆಮೇಲೆ, ನೀನು ಬಿದ್ದರೆ ಎತ್ತಲು ಜನ ಬೇಕಲ್ಲ ಎಂದು ಅಳಿಯನನ್ನು ಮುಂದೆ ಬಿಟ್ಟು, ಅವನ ಕಾಲುಗಳನ್ನೇ ನೋಡುತ್ತ ಹಿಂದಿನಿಂದ ತುಳಿದ.