ಒಂದು ಗ್ಯಾಲನ್ನಿನ ಏರು

ಸುಟ್ಟ ಹುಲ್ಲಿನ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿದರೆ ಒಂದು ವಾಸನೆ ಬರುತ್ತದೆ. ಗಾಡಿಯ ಅಚ್ಚಿಗೆ ಸವರುವ ಕೀಲೆಣ್ಣೆಯ ವಾಸನೆ. ಮಡಿಕೇರಿಯಲ್ಲಿ ಕಲ್ಲೇಶಪ್ಪನ ಷೆಡ್ಡಿನ ಮುಂದೆ, ಮಾರಾಟಕ್ಕೆ ನಿಂತಿದ್ದ ದೊಡ್ಡ ಕಾರಿನ ಚಕ್ರದ ಬಳಿ ಸೆರಗು ಹಿಡಿದು ಬಗ್ಗಿದ ಲಿಂಗಮ್ಮನ ಮೂಗಿಗೆ ಅದರದೇ ನಂಟಿನ ವಾಸನೆಯೊಂದು ಬಂತು. ಗಳಿಗೆ ಹೊತ್ತು ಅವಳು ಲಂಗ ತೊಟ್ಟ ಹುಡುಗಿಯಾಗಿ, ಎಣ್ಣೆಯ ಬಿದಿರಂಡೆ ಹಿಡಿದುಕೊಂಡು ಅಪ್ಪನ ಗಾಡಿಯ ಹಿಂದೆ ನಿಂತಿದ್ದಳು.

"ಏನೇ ಬಗ್ಗಿ ನೋಡ್ತಿದ್ದೀಯೆ?" ಎಂದ ಗಂಡ ಸಣ್ಣಸ್ವಾಮಿ. "ಎತ್ತಿನ ಗೊರಸಾ ಅದು, ಲಾಳ ಸವೆದದಾ ಅಂತ ನೋಡಕ್ಕೆ?"

"ಲಾಳ ಇಲ್ದಿದ್ರೂ ಕಾಲು ಕಾಲೇ ಅಲ್ವಾ," ಎನ್ನುತ್ತ ಅವಳು ಎದ್ದು ನಿಂತಳು.

ಕಲ್ಲೇಶಪ್ಪ ನಕ್ಕ. ಶನಿವಾರಸಂತೆಯ ಕಡೆಯವನು, ಹಣೆಯ ತುಂಬ ವಿಭೂತಿ, ಉಗುರಿನ ಸಂದಿಯ ತುಂಬ ಗ್ರೀಸು. ತೋಟ ಮಾರಿ ತಮ್ಮೂರಿಗೆ ಹಡಗು ಹತ್ತಿದ ಬಿಳಿ ದೊರೆಗಳ ಕಾರುಗಳನ್ನು ಕೊಂಡು, ರಿಪೇರಿ ಮಾಡಿ ಮಾರುವುದು ಅವನ ಕಸುಬು. ಆಗ ಷೆಡ್ಡಿನಲ್ಲಿ ಎರಡು ಕಾರುಗಳಿದ್ದವು. ಒಂದು ಈ ದೊಡ್ಡದು. ಅಗಲ ಮೂತಿ, ಮಂಚದಂಥ ಸೀಟು. ಇನ್ನೊಂದು ಮೂಲೆಯಲ್ಲಿ ಕಾಫಿಯ ಗೋಣಿಚೀಲ ಹೊದ್ದುಕೊಂಡು ನಿಂತಿದ್ದ ಪುಟ್ಟ ಆಸ್ಟಿನ್. ಸಣ್ಣಸ್ವಾಮಿ ಅದರ ಚೀಲ ಎತ್ತಿ ನೋಡಿ, ಹಾಗೇ ಮುಚ್ಚಿದ್ದ.

"ಇದು ಕಾರಾ ಕಲ್ಲೇಶಪ್ಪನೋರೆ, ಮಂಕರಿಯಾ? ಇದ್ರೊಳಗೆ ನಾನು ಕೂತ್ರೆ ಜನಕ್ಕೆ ಕಾರು ಕಾಣಕ್ಕಿಲ್ಲ, ನಾನೇ ಕಾಣ್ತೀನಿ."

ಹೆಸರು ಸಣ್ಣಸ್ವಾಮಿಯಾದರೂ ಆಳು ಸಣ್ಣದಲ್ಲ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹೊಳೆದಂಡೆಯಲ್ಲಿ ನೆಲ ಹಿಡಿದ ಮನೆತನ. ನವಿಲುಕೋಸು, ಹುರುಳಿಕಾಯಿ ಬೆಳೆದು, ಮಂಕರಿ ಬುಟ್ಟಿಗಳಲ್ಲಿ ತುಂಬಿ ಮಡಿಕೇರಿಯ ಮಾರುಕಟ್ಟೆಗೆ ಹಾಕುತ್ತಿದ್ದ. ಕಾರಿನ ಮಾತು ಹುಟ್ಟಿದ್ದು ಷೋಕಿಗಲ್ಲ. ಮಗಳು ಸುಲೋಚನ ಮಡಿಕೇರಿಯ ಕಾಲೇಜಿನಲ್ಲಿ ಒಂದು ವರ್ಷ ಮುಗಿಸಿದ್ದಳು. ಅವಳನ್ನು ಮನೆಮಗಳ ಹಾಗೆ ಇಟ್ಟುಕೊಂಡಿದ್ದ ಪರಿಚಯದ ಸಂಸಾರ ಈಗ ವರ್ಗವಾಗಿ ಹೊರಟುಹೋಗಿತ್ತು. ಬೆಳಗಿನ ಬಸ್ಸು ಮಡಿಕೇರಿ ಸೇರುವಷ್ಟರಲ್ಲಿ ಎರಡು ಪಾಠ ಮುಗಿದಿರುತ್ತಿದ್ದವು. ಕಾರಾದರೆ ತರಕಾರಿಯ ಜೊತೆಗೇ ಮಗಳೂ ಹೊತ್ತಿಗೆ ಸರಿಯಾಗಿ ತಲುಪುತ್ತಾಳೆ ಎಂಬುದು ಸಣ್ಣಸ್ವಾಮಿಯ ಲೆಕ್ಕ. ಆದರೆ ಕಾರು ದಿನವೂ ಓಡಬೇಕು, ತರಕಾರಿಯ ದುಡ್ಡಿನಲ್ಲೇ ಅದರ ಪೆಟ್ರೋಲು ಹುಟ್ಟಬೇಕು. ಅದು ಹೆಚ್ಚು ಕುಡಿಯುವ ಕಾರಾದರೆ ಎರಡು ತಿಂಗಳಲ್ಲಿ ಕೊಟ್ಟಿಗೆ ಸೇರುತ್ತದೆ, ಸುಲೋಚನಳ ಪುಸ್ತಕ ಅಟ್ಟ ಸೇರುತ್ತದೆ. ಈ ಮಾತನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಮೂವರಿಗೂ ಗೊತ್ತಿತ್ತು.

"ಬಾಯಲ್ಲಿ ಹೇಳದು ಬ್ಯಾಡ ಸಣ್ಣಸ್ವಾಮಣ್ಣ," ಎಂದ ಕಲ್ಲೇಶಪ್ಪ. "ಟ್ಯಾಂಕು ಬರಿದು ಮಾಡಿ ಒಂದೇ ಗ್ಯಾಲನ್ ಹುಯ್ತೀನಿ. ನಿಮ್ಮನೆ ಬಾಗ್ಲಲ್ಲಿ ಕಡ್ಡಿ ಇಳಿಸಿ ನೀವೇ ನೋಡ್ಕಳಿ, ಎಷ್ಟು ಉಳಿದೈತೆ ಅಂತ."

ಹಾಗೆ ದೊಡ್ಡ ಕಾರು ಮಡಿಕೇರಿಯಿಂದ ಹೊರಟಿತು. ಮುಂದೆ ಗಂಡಸರಿಬ್ಬರು, ಹಿಂದೆ ತಾಯಿ ಮಗಳು. ಊರಿನ ಕೊನೆಯ ಮನೆ ದಾಟುತ್ತಲೇ ಕಲ್ಲೇಶಪ್ಪನ ಕೈ ತಾನಾಗಿ ಕೀಲಿಗೆ ಹೋಗಿ ಎಂಜಿನ್ ಆರಿಸಿತು. ಯುದ್ಧದ ಕಾಲದಲ್ಲಿ ಪೆಟ್ರೋಲು ಚೀಟಿಗೆ ಅಳೆದು ಸಿಗುತ್ತಿದ್ದಾಗ ಆ ರಸ್ತೆಯ ಡ್ರೈವರುಗಳೆಲ್ಲ ಕಲಿತ ಅಭ್ಯಾಸ ಅದು. ಯುದ್ಧ ಮುಗಿದರೂ ಕೈ ಮರೆತಿರಲಿಲ್ಲ. ಕಾರು ಬೋಯಿಕೇರಿಯ ತಿರುವುಗಳಲ್ಲಿ ಬ್ರೇಕಿನ ಮೇಲೇ ಜಾರಿತು. ಚಪ್ಪಟೆ ಬಂದಲ್ಲಿ ಎಂಜಿನ್ ಒಂದಿಷ್ಟು ಗುರುಗುಟ್ಟಿ, ಇಳಿಜಾರು ಬಂದೊಡನೆ ಮತ್ತೆ ಸುಮ್ಮನಾಯಿತು. ಸುಂಟಿಕೊಪ್ಪ ಹಿಂದೆ ಬಿತ್ತು. ಆನೆಕಾಡಿನ ನೆರಳಿನಲ್ಲಿ ಹಕ್ಕಿಗಳ ಕೂಗು ಕೇಳುವಷ್ಟು ಮೌನ. ಸಣ್ಣಸ್ವಾಮಿ ಸೀಟಿಗೆ ಬೆನ್ನು ಚೆಲ್ಲಿ, "ಬೆಣ್ಣೆ ಕಣಯ್ಯ, ಬೆಣ್ಣೆ," ಎನ್ನುತ್ತಿದ್ದ.

ಹಿಂದೆ ಲಿಂಗಮ್ಮ ಕಿವಿಗೊಟ್ಟು ಕೂತಿದ್ದಳು.

ಮನೆಯ ಬಾಗಿಲಲ್ಲಿ ಕಲ್ಲೇಶಪ್ಪ ಬಿದಿರು ಕಡ್ಡಿಯನ್ನು ಟ್ಯಾಂಕಿಗೆ ಇಳಿಸಿ ಎತ್ತಿದ. ಒಂದು ಗ್ಯಾಲನ್ನಿಗೆ ಗೀರಿದ್ದ ಗುರುತಿನ ಅರ್ಧಕ್ಕಿಂತ ಮೇಲೆ ಒದ್ದೆಯಾಗಿತ್ತು. ನೋಡಲು ಬಂದ ಅಕ್ಕಪಕ್ಕದವರಿಗೆಲ್ಲ ಸಣ್ಣಸ್ವಾಮಿ ಆ ಕಡ್ಡಿಯನ್ನು ಮದುವೆ ಹುಡುಗಿಯ ಫೋಟೋದಂತೆ ತೋರಿಸಿದ. ಲಿಂಗಮ್ಮ ಒಳಗಿಂದ ಬೆಳಗಿದ ಹಿತ್ತಾಳೆ ಲೋಟದಲ್ಲಿ ಹಾಲು, ತಟ್ಟೆಯಲ್ಲಿ ಬಾಳೆಹಣ್ಣು ತಂದಿಟ್ಟಳು. ಕಲ್ಲೇಶಪ್ಪ ಲಿಂಗ ಕಟ್ಟಿದವನು, ಮಾಂಸ ಬೇಯಿಸುವ ಮನೆಯ ಅಡುಗೆ ಮುಟ್ಟುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ಊಟಕ್ಕೆ ಎಬ್ಬಿಸಿ, ಬೇಡವೆನ್ನುವ ಇಕ್ಕಟ್ಟನ್ನು ಅವನಿಗೆ ತಂದಿಡಲಿಲ್ಲ. ಅವನು ಹಾಲು ಕುಡಿದು, ರಾತ್ರಿ ಉಳಿಯಲು ಪೇಟೆಯಲ್ಲಿದ್ದ ತನ್ನ ನಂಟ ರೇವಣ್ಣನ ಮನೆಗೆ ನಡೆದ.

ಮುಸ್ಸಂಜೆ ಜಗಲಿಯಲ್ಲಿ ಗಂಡ ಹೆಂಡತಿ ಇಬ್ಬರೇ ಕೂತಿದ್ದಾಗ ಲಿಂಗಮ್ಮ ಕೇಳಿದಳು: "ಕಾರಿನ ಸದ್ದು ಕೇಳುಸ್ತಾ ನಿಮಗೆ?"

"ಸದ್ದೆಲ್ಲಿ ಬಂತೆ? ಒಳ್ಳೆ ತೊಟ್ಲಲ್ಲಿ ಮಲಗ್ದಂಗಿತ್ತು."

"ಎತ್ತು ಬಿಚ್ಚಿದ್ ಗಾಡೀನೂ ಇಳಿಜಾರಲ್ಲಿ ತೊಟ್ಲೇ. ನಮ್ಮಪ್ಪ ಎತ್ತು ಕೊಳ್ಳಕ್ಕೆ ಹೋದ್ರೆ ಸುಂಟಿಕೊಪ್ಪದಿಂದ ಮೇಲಕ್ಕೆ ಹೊಡ್ಕೊಂಡೋಗಿ ನೋಡೋರು. ಕೆಳಕ್ಕೆ ಕುಂಟ ಎತ್ತೂ ಓಡ್ತದೆ ಅನ್ನೋರು." ಮೆಲ್ಲಗೆ ಸೇರಿಸಿದಳು: "ನಮ್ ಸುಲೋಚನ ಕಾಲೇಜಿಗೆ ಇಳ್ಕೊಂಡು ಹೋಗದಲ್ವಲ್ಲ. ಹತ್ಕೊಂಡು ಹೋಗದು."

ಸಣ್ಣಸ್ವಾಮಿ ಕೈಯಲ್ಲಿದ್ದ ಬಿದಿರು ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅದು ಯಾವಾಗಲೋ ಒಣಗಿಹೋಗಿತ್ತು.

ಬೆಳಿಗ್ಗೆ ಕಲ್ಲೇಶಪ್ಪ ಬಂದಾಗ ಸಣ್ಣಸ್ವಾಮಿ ಗಂಟಲು ಸರಿಮಾಡಿಕೊಂಡ. "ಕಲ್ಲೇಶಪ್ಪನೋರೆ, ನಂಗೊಂದು ಯೋಚ್ನೆ ಬಂತು. ಟ್ಯಾಂಕಲ್ಲಿರೋದ್ನೆಲ್ಲ ತೆಗೆದು ಮತ್ತೆ ಒಂದೇ ಗ್ಯಾಲನ್ ಹಾಕನ. ಕಾಯಿ ಮಂಕರೀನೂ ಹೇರಿ, ನಾವೂ ಮೂರ್ ಜನ ಹತ್ತನ. ಹೆಂಗೂ ನೀವು ಮೇಲಕ್ಕೇ ಹೋಗ್ಬೇಕಲ್ಲ." ಆಡುವಾಗ ಓರೆಗಣ್ಣಿನಲ್ಲಿ ಹೆಂಡತಿಯ ಕಡೆ ನೋಡಿದ. ಲಿಂಗಮ್ಮ ಆ ಯೋಚನೆಯನ್ನು ಈಗಲೇ ಮೊದಲ ಸಲ ಕೇಳುತ್ತಿರುವವಳ ಹಾಗೆ ತಲೆದೂಗಿದಳು.

ಆನೆಕಾಡಿನ ತನಕ ಕಾರು ಚೆನ್ನಾಗಿಯೇ ಓಡಿತು. ಸುಂಟಿಕೊಪ್ಪ ದಾಟಿದ ಮೇಲೆ ಅದರ ಉಸಿರು ಬದಲಾಯಿತು. ಬೋಯಿಕೇರಿ ಕಳೆದು ಒಂದು ತಿರುವಿನಲ್ಲಿ ಎರಡು ಸಲ ಕೆಮ್ಮಿ, ಮುಗ್ಗರಿಸಿ ನಿಂತಿತು. ಕಲ್ಲೇಶಪ್ಪ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಟ್ಯಾಂಕಿಗೆ ಇಳಿಸಿದ ಕಡ್ಡಿ ಒಣದಾಗಿಯೇ ಮೇಲೆ ಬಂತು.

ರಸ್ತೆಯ ಬದಿಯ ಮೈಲಿಗಲ್ಲಿನ ಮೇಲೆ ಸುಲೋಚನ ಕೂತಳು. ಮಡಿಕೇರಿಗೆ ಇನ್ನೂ ಎಷ್ಟು ಮೈಲಿ ಎಂದು ಅದರಲ್ಲಿ ಬರೆದಿತ್ತು. ಅದು ಕಾಣದಂತೆ ಸೀರೆಯ ನೆರಿಗೆ ಹರಡಿಕೊಂಡಳು.

"ಅಪ್ಪ, ನಾನು ಮನೇಲೇ ಓದ್ಕೊತೀನಿ. ಪರೀಕ್ಷೆಗೆ ಮಾತ್ರ ಬಂದ್ರೆ ಆಗ್ತದೇನೋ ಕೇಳಿ ನೋಡನ."

"ಆಗ್ತದೇನವ್ವ?" ಎಂದ ಸಣ್ಣಸ್ವಾಮಿ.

ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ತಲೆ ತಗ್ಗಿಸಿದಳು. ಅಪ್ಪನೂ ತಗ್ಗಿಸಿದ.

ಡಿಕ್ಕಿಯಲ್ಲಿದ್ದ ಇನ್ನೊಂದು ಡಬ್ಬಿಯಿಂದ ಪೆಟ್ರೋಲು ಹುಯ್ಯುತ್ತ ಕಲ್ಲೇಶಪ್ಪ ಹೇಳಿದ: "ಬಸವಣ್ಣನಾಣೆ, ನಾನು ಮೋಸಕ್ಕೆ ಮಾಡಿದ್ದಲ್ಲ ಅಕ್ಕ. ಷೆಡ್ಡಿರೋದು ಮೇಲೆ. ಯಾರಿಗೇ ತೋರ್ಸಿದ್ರೂ ಕೆಳಕ್ಕೇ ಓಡ್ಸಿ ತೋರ್ಸಿ ಅಭ್ಯಾಸ. ಹತ್ತಿ ತೋರ್ಸು ಅಂತ ಇಲ್ಲಿತಂಕ ಒಬ್ರೂ ಕೇಳಿಲ್ಲ."

"ಮೋಸ ಅಂತ ಯಾರಂದ್ರು? ಡಬ್ಬಿ ಹಿಡೀತೀನಿ ತಾಳಿ," ಎಂದು ಲಿಂಗಮ್ಮ ಡಬ್ಬಿಯ ಬುಡಕ್ಕೆ ಕೈ ಕೊಟ್ಟಳು. ಆಮೇಲೆ ಕೇಳಿದಳು: "ಷೆಡ್ಡಲ್ಲಿ ಗೋಣಿ ಹೊದ್ಕೊಂಡದಲ್ಲ, ಅದು ಯಾರ್ದಾಗಿತ್ತು?"

"ಅದಾ? ಚೆಟ್ಟಳ್ಳಿ ಕಡೆ ಎಸ್ಟೇಟ್ ಡಾಕ್ಟ್ರದ್ದು. ಕೂಲಿಗಳ ಲೈನಿಂದ ಲೈನಿಗೆ ಸುತ್ತೋರು."

"ಹಂಗಾರೆ ದಿಣ್ಣೆ ಹತ್ತಿ ರೂಢಿ ಅದೆ," ಎಂದಳು ಲಿಂಗಮ್ಮ.

ಮಡಿಕೇರಿ ಸೇರಿ, ಷೆಡ್ಡಿನಲ್ಲಿ ಆಸ್ಟಿನ್ನಿನ ಚೀಲ ತೆಗೆದಾಗ ಧೂಳೆದ್ದಿತು. ಒಂದು ಮಡ್‌ಗಾರ್ಡು ನೆಗ್ಗಿತ್ತು, ಹಿಂದಿನ ಸೀಟಿನಲ್ಲಿ ಇಬ್ಬರು ಕೂತರೆ ನಡುವೆ ಜಾಗ ಉಳಿಯುತ್ತಿದ್ದದ್ದು ಒಂದು ಕುಂಬಳಕಾಯಿಗಷ್ಟೇ. ಸಣ್ಣಸ್ವಾಮಿ ಮೊದಲು ಒಂದು ಕಾಲಿಟ್ಟ, ಆಮೇಲೆ ತಲೆ ಇಟ್ಟ, ಆಮೇಲೆ ಎರಡನ್ನೂ ಹೊರಗೆ ತೆಗೆದು ಹಿಂದುಮುಂದಾಗಿ ಹೊಕ್ಕ. ಮೊಣಕಾಲು ಗದ್ದಕ್ಕೆ ತಾಗಿತು.

"ಹೆಂಗದೆ?" ಎಂದು ಕೇಳಿದಳು ಹೆಂಡತಿ.

"ನಮ್ಮವ್ವನ ಹೊಟ್ಟೇಲಿದ್ದಾಗ ಹಿಂಗೇ ಇದ್ದೆ ಅಂತ ಕಾಣ್ತದೆ."

ಸುಲೋಚನ ಬೆಳಗಿನಿಂದ ಆಗ ಮೊದಲ ಸಲ ನಕ್ಕಳು. ಆ ನಗು ಕೇಳಿ ಸಣ್ಣಸ್ವಾಮಿ ಮತ್ತೆ ಹೊರಗೆ ಬರುವ ಮಾತೆತ್ತಲಿಲ್ಲ. ಸಂಜೆ ಆ ಕಾರಿನಲ್ಲೇ ಎಲ್ಲರೂ ಕೆಳಗಿಳಿದರು. ಊರು ದಾಟಿದೊಡನೆ ಕಲ್ಲೇಶಪ್ಪನ ಕೈ ಕೀಲಿಯತ್ತ ಹೋಯಿತು. ಹೋದದ್ದು ಅವನಿಗೇ ಕಂಡು, ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡ. ಎಂಜಿನ್ ದಾರಿಯುದ್ದಕ್ಕೂ ಹೊಲಿಗೆ ಮಿಷನ್ನಿನ ಹಾಗೆ ಟಕಟಕ ಎನ್ನುತ್ತಲೇ ಇತ್ತು. ಆ ರಾತ್ರಿಯೂ ಕಲ್ಲೇಶಪ್ಪ ಕಾರಿನ ಸಮೇತ ರೇವಣ್ಣನ ಮನೆಯಲ್ಲೇ ಉಳಿದ.

ಮರುದಿನ ಕಾಲೇಜು ಶುರು. ಲಿಂಗಮ್ಮ ಕೋಳಿ ಕೂಗುವ ಮೊದಲೇ ಎದ್ದು ರೊಟ್ಟಿ ತಟ್ಟಿ, ಹುಚ್ಚೆಳ್ಳಿನ ಚಟ್ನಿ ಅರೆದು, ಮಗಳ ಡಬ್ಬಿಗೆ ಹಾಕಿದಳು. ಕಲ್ಲೇಶಪ್ಪನಿಗೆಂದು ಬಾಳೆಹಣ್ಣಿನ ಚಿಪ್ಪೊಂದನ್ನು ಚೀಲದಲ್ಲಿಟ್ಟಳು. ಹೊರಗೆ ಕಾರು ಟಕಟಕ ಎಂದದ್ದೇ ತಡ, ಒಂದೇ ಗ್ಯಾಲನ್ ಹುಯ್ಯುವುದನ್ನು ಕಣ್ಣಾರೆ ನೋಡಲು ಚೀಲ ಹಿಡಿದು ಓಡಿಬಂದಳು. ಹಿಂದಿನ ಸೀಟಿನಲ್ಲಿ ತಾಯಿ ಮಗಳ ನಡುವೆ ನವಿಲುಕೋಸಿನ ಬುಟ್ಟಿ ಕೂತಿತು.

ಸುಂಟಿಕೊಪ್ಪದ ತನಕ ಮಾತಿತ್ತು. ಏರು ಬಂದಂತೆ ಕಾರಿನ ದನಿ ಸಣ್ಣದಾಗಿ, ಹಟವಾಗಿ ಏರಿತು. ಎದುರಿಗೆ ಇಳಿದುಬಂದ ಎತ್ತಿನ ಗಾಡಿಯವನೊಬ್ಬ, ಒಳಗೆ ತುಂಬಿದ್ದ ಸಣ್ಣಸ್ವಾಮಿಯನ್ನು ನೋಡಿ ಬಾಯಿಬಿಟ್ಟು ನಕ್ಕ. ಸಣ್ಣಸ್ವಾಮಿ ಅದನ್ನು ನೋಡಲಿಲ್ಲ. ತೂಕ ಕಡಿಮೆಯಾಗಲಿ ಎಂಬಂತೆ ಉಸಿರು ಬಿಗಿಹಿಡಿದು, ಸೀಟಿನಿಂದ ಒಂದಿಷ್ಟು ಮೇಲೆದ್ದು ಕೂತಿದ್ದ. ಲಿಂಗಮ್ಮನ ಪಾದಗಳು ಕಾರಿನ ನೆಲವನ್ನು ಒತ್ತುತ್ತಿದ್ದವು. ಈ ತಿರುವಿನಲ್ಲಿ ಅವಳಪ್ಪ ಎಲ್ಲರನ್ನೂ ಗಾಡಿಯಿಂದ ಇಳಿಸುತ್ತಿದ್ದ. ಎತ್ತುಗಳ ಜೊತೆ ಮಾತಾಡುತ್ತ ನಡೆಯುತ್ತಿದ್ದ. "ಇನ್ನೊಂಚೂರು ಮಗನೆ, ಇನ್ನೊಂಚೂರು," ಎಂದು ಅವಳ ತುಟಿ ತಾನಾಗಿ ಅಲ್ಲಾಡಿತು.

ನಿನ್ನೆಯ ಮೈಲಿಗಲ್ಲು ಬಂತು. ಹೋಯಿತು. ಸುಲೋಚನ ಹಿಂದಿರುಗಿ ಅದನ್ನೇ ನೋಡುತ್ತಿದ್ದಳು, ತಿರುವಿನಲ್ಲಿ ಮರೆಯಾಗುವ ತನಕ.

ಕಾಲೇಜಿನ ಗೇಟಿನಲ್ಲಿ ಕಾರು ನಿಂತಾಗ ಬೆಲ್ ಇನ್ನೂ ಹೊಡೆದಿರಲಿಲ್ಲ. ಸಣ್ಣಸ್ವಾಮಿ ಬಿಚ್ಚಿಕೊಂಡು ಹೊರಬರುವಷ್ಟರಲ್ಲಿ ಕಲ್ಲೇಶಪ್ಪ ಟ್ಯಾಂಕಿಗೆ ಕಡ್ಡಿ ಇಳಿಸಿ ಎತ್ತಿದ್ದ. ನಂಬದೆ ಅದನ್ನು ಒರೆಸಿ ಮತ್ತೆ ಇಳಿಸಿದ. ಎರಡನೆಯ ಸಲವೂ ಕಡ್ಡಿಯ ತುದಿ ಬೆರಳುದ್ದ ಒದ್ದೆಯಾಗಿಯೇ ಬಂತು. ಅವನು ಅದನ್ನು ಸಣ್ಣಸ್ವಾಮಿಗೆ ಕೊಡದೆ ಲಿಂಗಮ್ಮನಿಗೆ ಕೊಟ್ಟ. ಅವಳು ತುದಿಯನ್ನು ಮೂಗಿನ ಹತ್ತಿರ ಹಿಡಿದು, ಗಂಡನ ಕೈಗಿತ್ತಳು.

"ಮಂಕರಿ ಅಂತ ನಾನೇ ಅಂದಿದ್ದು," ಎಂದ ಸಣ್ಣಸ್ವಾಮಿ, ನೆಗ್ಗಿದ ಮಡ್‌ಗಾರ್ಡನ್ನು ಎತ್ತಿನ ಬೆನ್ನಿನ ಹಾಗೆ ಸವರುತ್ತ. "ಮಂಕರಿ ಅಂದ್ರೆ ಕಮ್ಮಿ ಅಂತಲ್ಲ. ನಮ್ಮನೆ ಅನ್ನ ಬರೋದೇ ಮಂಕರೀಲಿ."

ಲಿಂಗಮ್ಮ ಮಗಳಿಗೆ ಡಬ್ಬಿ ಕೊಡಲು ಚೀಲಕ್ಕೆ ಕೈ ಹಾಕಿದಳು. ಬಾಳೆಹಣ್ಣು ಸಿಕ್ಕಿತು. ಇನ್ನೊಮ್ಮೆ ತಡಕಿದಳು. ಪೆಟ್ರೋಲು ನೋಡಲು ಓಡಿದ ಗಡಿಬಿಡಿಯಲ್ಲಿ ಡಬ್ಬಿ ಅಡುಗೆಮನೆಯ ಕಿಟಕಿಯ ಮೇಲೇ ಉಳಿದಿತ್ತು. ಚೀಲದೊಳಗೆ ಅವಳ ಕೈ ಹಾಗೇ ನಿಂತಿತು. ಬೆಲ್ ಹೊಡೆಯತೊಡಗಿತು.

ಕಾರಿನ ಆ ಬದಿಯಿಂದ ಕಲ್ಲೇಶಪ್ಪ ಅದನ್ನು ಕಂಡ. ಮುಂದಿನ ಸೀಟಿನ ಕೆಳಗೆ ಬಗ್ಗಿ, ರೇವಣ್ಣನ ಮನೆಯವರು ತನಗೆಂದು ಕಟ್ಟಿಕೊಟ್ಟಿದ್ದ ಬುತ್ತಿಯ ಗಂಟನ್ನು ತೆಗೆದ. ಗ್ರೀಸು ತಾಗದಂತೆ ಅದರ ತುದಿಯನ್ನಷ್ಟೇ ಎರಡು ಬೆರಳಲ್ಲಿ ಹಿಡಿದು, ಸುಲೋಚನಳ ಪುಸ್ತಕಗಳ ಮೇಲೆ ಇಟ್ಟ.